ಒಳಮನೆಯ ಕಾವಲು

"ಗುರುಗಳೇ, ಮೈಯನ್ನು ಕಾಯುವುದಕ್ಕೆಂದೇ ಇರುವ ರಕ್ತದ ಬಿಳಿ ಕಣಗಳು ಅದೇ ಮೈಯ ಮಿದುಳಿನ ಮೇಲೆ ಏಕೆ ಬೀಳುತ್ತವೆ?" ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಗಿರಿಮಲ್ಲ ಕೇಳಿದ. ಅಂದು ಬೆಳಿಗ್ಗೆ ಅವನು ಒಬ್ಬ ರೋಗಿಯನ್ನು ನೋಡಿ ಬಂದಿದ್ದ. ಆ ಕಣಗಳೇ ಆಕೆಯ ಮಿದುಳಿನಲ್ಲಿ ಉರಿಯೂತ ಎಬ್ಬಿಸಿ, ನರಗಳ ಹೊದಿಕೆಯನ್ನು ಕೆಡಿಸಿದ್ದವು. ಹೆಜ್ಜೆ ಇಡಬೇಕೆಂದು ಆಕೆ ಎಷ್ಟು ಬಯಸಿದರೂ ಮಿದುಳಿನ ಆ ಅಪ್ಪಣೆ ಕಾಲಿಗೆ ಮುಟ್ಟುತ್ತಿರಲಿಲ್ಲ.

"ಕಣಕ್ಕೆ ಮನಸ್ಸಿಲ್ಲ. ಮನಸ್ಸಿದ್ದವನೊಬ್ಬನ ಕತೆ ಹೇಳುತ್ತೇನೆ, ಕೇಳು" ಎಂದರು ಗುರುಗಳು.

ಒಂದು ಕೋಟೆಯ ಹೊರಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ಕೋಟೆಯ ನಡುವೆ ಒಳಮನೆ. ಅಲ್ಲಿಂದ ಎಲ್ಲ ಬುರುಜುಗಳಿಗೂ ಹಗ್ಗ ಹೋಗಿತ್ತು. ಹಗ್ಗ ಎಳೆದರೆ ಬುರುಜಿನ ಗಂಟೆ ಮೊಳಗಿ ದೊರೆಯ ಅಪ್ಪಣೆ ತಿಳಿಯುತ್ತಿತ್ತು. ಹೊರಗಿನ ಕಾವಲಿನವರು ಒಳಮನೆಗೆ ಕಾಲಿಡುವಂತಿರಲಿಲ್ಲ. ಹಗ್ಗ ಎಳೆಯುವ ಕೆಲಸ ಕಾವಲುಗಾರನ ತಮ್ಮನಿಗೆ ಸಿಕ್ಕಿತ್ತು.

ಒಮ್ಮೆ ನೀಲಿ ಕಂಬಳಿ ಹೊದ್ದ ಕಳ್ಳರು ಬಂದರು. ಕಾವಲುಗಾರ ಎದುರು ನಿಂತು ಅವರನ್ನು ಓಡಿಸಿದ. ಭುಜಕ್ಕೆ ಏಟು ಬಿತ್ತು. ದೊರೆ ಶಾಲು ಹೊದಿಸಿದ. ಮನೆಗೆ ಬಂದರೆ ತಾಯಿ, "ನಿನ್ನ ತಮ್ಮನ ಹಾಗೆ ನೆರಳಲ್ಲಿರುವ ಪುಣ್ಯ ನಿನಗೆ ಬರಲಿಲ್ಲವಲ್ಲಪ್ಪಾ" ಎಂದು ಮರುಗಿದಳು. ಆಕೆ ಮರುಗಿದ್ದು ಮಗನ ಗಾಯಕ್ಕೆ. ಮಗನ ಕಿವಿಗೆ ಬಿದ್ದದ್ದು ತಮ್ಮನ ಪುಣ್ಯ ಮಾತ್ರ.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಬಿಸಿಲಲ್ಲಿ ನಿಂತು ಗಂಟೆಯ ದನಿ ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಕಿಚ್ಚು ಏಳುತ್ತಿತ್ತು. ಏಟು ತಿನ್ನುವವನು ನಾನು, ತಣ್ಣಗಿರುವವನು ಅವನು ಎಂದುಕೊಳ್ಳುತ್ತಿದ್ದ. ಶಾಲನ್ನು ಮತ್ತೆ ಹೊದೆಯಲೇ ಇಲ್ಲ.

ಚಳಿಗಾಲದ ಒಂದು ಮುಂಜಾನೆ ಒಳಮನೆಯ ಅಂಗಳದಲ್ಲಿ, ಮಂಜಿನ ನಡುವೆ, ನೀಲಿ ಕಂಬಳಿಯೊಂದು ನಡೆದುಹೋಗುವುದು ಅವನಿಗೆ ಕಂಡಿತು. ಸ್ವಲ್ಪ ಹೊತ್ತು ನೋಡಿದ. ಆಮೇಲೆ "ಕಳ್ಳ! ಒಳಗೆ ಕಳ್ಳ!" ಎಂದು ಕೂಗಿದ.

"ತಡಿಯೋ, ಮೊದಲು ಮುಖ ನೋಡು" ಎಂದ, ಪಕ್ಕದಲ್ಲಿದ್ದ ಮುದಿ ಕಾವಲುಗಾರ.

"ಮುಖ ನೋಡುತ್ತ ಕೂತರೆ ಕೋಟೆ ಉಳಿಯುತ್ತದೆಯೇ?"

ಅವನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಹಿಂದೆ ಕಳ್ಳರನ್ನು ಓಡಿಸಿದವನು ಅವನೇ ತಾನೆ! ಕಾವಲಿನವರೆಲ್ಲ ಬಾಗಿಲು ಮುರಿದು ಒಳನುಗ್ಗಿದರು. ಕೂಗು ಕೇಳಿ ಒಳಮನೆಯ ಆಳುಗಳೂ ದೊಣ್ಣೆ ಹಿಡಿದರು. ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಸಿಕ್ಕವರಿಗೆ ಹೊಡೆದರು. ಬೀಸಿದ ಕತ್ತಿಗಳಿಗೆ ಸಿಕ್ಕಿ ಹಗ್ಗಗಳು ತುಂಡಾದವು.

ಗದ್ದಲ ಅಡಗಿದಾಗ ನೆಲದ ಮೇಲೆ, ಚಳಿಗೆಂದು ಹೊದ್ದ ನೀಲಿ ಕಂಬಳಿಯಲ್ಲೇ, ತಮ್ಮ ಬಿದ್ದಿದ್ದ. ಅವನ ಬಲಗೈ ಜಜ್ಜಿಹೋಗಿತ್ತು. "ಅಣ್ಣಾ, ನಾನು, ನಾನು ಅಂತ ಹೇಳುತ್ತಲೇ ಇದ್ದೆನಲ್ಲ" ಎಂದ.

ಕಾವಲುಗಾರನ ಕೈಯಿಂದ ದೊಣ್ಣೆ ಜಾರಿತು.

ಕಡಿದ ಹಗ್ಗಗಳಿಗೆ ಗಂಟು ಹಾಕಿದರು. ಕೆಲವು ಗಂಟೆಗಳು ಮತ್ತೆ ಮೊಳಗಿದವು, ಕೆಲವು ಮೊಳಗಲಿಲ್ಲ. ತಮ್ಮನ ಕೈ ಮತ್ತೆ ಹಗ್ಗ ಹಿಡಿಯಲಿಲ್ಲ. ನಡೆದದ್ದು ಕಣ್ತಪ್ಪು ಎಂದು ನಂಬಿದ ದೊರೆ ಆ ಕೆಲಸವನ್ನು ಅಣ್ಣನಿಗೇ ಕೊಟ್ಟ. ಅವನು ನೆರಳಲ್ಲಿ ನಿಂತು ದಿನವೂ ಹಗ್ಗ ಎಳೆದ. ಮೂಡಣ ಬುರುಜಿನಿಂದ ಒಂದು ದಿನವೂ ದನಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಆ ಮಂಜಿನಲ್ಲಿ ಅವನಿಗೆ ತಮ್ಮನ ಗುರುತು ಸಿಗಲಿಲ್ಲವಲ್ಲ ಗುರುಗಳೇ" ಎಂದ ಗಿರಿಮಲ್ಲ.

"ಸಿಕ್ಕಿತ್ತು ಮಗು, ಅದಕ್ಕೇ ಕೂಗಿದ."