ಕ್ಲೌಡ್ ನಿಲ್ಲಿಸಲು ಸಾಹೇಬರ ಅಪ್ಪಣೆ

ಇದನ್ನು ಕೇಳಿಯೇ ಹೋಗಬೇಕು ನೀವು! ನಮ್ಮ ಸೊಸೈಟಿಯ ಲೆಕ್ಕವೆಲ್ಲ ಯಾವುದೋ ಕಂಪನಿಯ ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಅವರ ಕಂಪ್ಯೂಟರುಗಳಲ್ಲಿತ್ತು. ಅದು ಒಮ್ಮೆ ನಿಂತಿತು. ಮ್ಯಾನೇಜರ್ ಹಾಲಪ್ಪನವರು ಗುಮಾಸ್ತೆಯ ಮೇಲೆ ಹಾರಾಡಿದರು: “ಇನ್ನೊಮ್ಮೆ ನನ್ನ ಅಪ್ಪಣೆಯಿಲ್ಲದೆ ನಿಂತರೆ ನಿನ್ನನ್ನು ಗೊಬ್ಬರದ ಗೋದಾಮಿಗೆ ಹಾಕ್ತೀನಮ್ಮ.”

“ಆಗಲಿ ಸಾರ್” ಎಂದ ಆಕೆ, ಕಂಪನಿಯ ಸೂಚನೆಗಳೆಲ್ಲ ತನ್ನ ಮೊಬೈಲಿಗೆ ಬರುವಂತೆ ಅಲರ್ಟ್ ಹಾಕಿಕೊಂಡಳು. ಭಾನುವಾರ ಸಂಜೆ ರಿಪೇರಿಗಾಗಿ ಕ್ಲೌಡ್ ನಿಲ್ಲಿಸುತ್ತೇವೆ ಎಂಬ ಸೂಚನೆ ಮುಂಚೆಯೇ ಬಂತು.

“ಸಾರ್, ಭಾನುವಾರ ಸಂಜೆ ಕ್ಲೌಡ್ ನಿಲ್ಲಿಸೋಕೆ ತಮ್ಮ ಅಪ್ಪಣೆ ಬೇಕಂತೆ.”

“ನಿಲ್ಲಿಸಲಿ” ಎಂದರು ಸಾಹೇಬರು. ಹೇಳಿದ ಹೊತ್ತಿಗೇ ನಿಂತಿತು. ಅವರು ಇಡೀ ವಾರ ಎದೆಯುಬ್ಬಿಸಿ ಓಡಾಡಿದರು.

ಮರುವಾರದ ಬುಧವಾರ ಕ್ಲೌಡ್ ಹಠಾತ್ತನೆ ಕೈಕೊಟ್ಟಿತು. ಮೊಬೈಲ್ ಕೂಗಿದ್ದೇ ತಡ, ಆಕೆ ಸಾಹೇಬರ ಕೋಣೆಗೆ ಓಡಿದಳು.

“ಸಾರ್, ಕ್ಲೌಡ್ ಈಗಲೇ ನಿಂತಿದೆ. ತಮ್ಮನ್ನು ಕೇಳೋಕೆ ಅವರಿಗೆ ಧೈರ್ಯ ಬರಲಿಲ್ಲವಂತೆ.”

ಸಾಹೇಬರ ಮುಖ ಅರಳಿತು. “ಪಾಪ, ಅಪ್ಪಣೆ ಕೊಟ್ಟೆ ಅನ್ನು. ನಾನೇನು ಕಚ್ತೀನಾ?”