ಗುಟ್ಟಿನ ಪುಟ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವ ಕೆಲಸ ಹೊತ್ತಿದ್ದ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ:

“ಗುರುಗಳೇ, ಒಬ್ಬ ಮನುಷ್ಯನ ಬಗ್ಗೆ ಬರೆಯಬೇಕಾದರೆ ಎಷ್ಟು ಜನರನ್ನು ಮಾತಾಡಿಸಿದರೆ ಸಾಕು?”

“ಲೆಕ್ಕ ಬೇಕೋ ನಿನಗೆ?” ಎಂದರು ಗುರುಗಳು. “ಹತ್ತೊಂಬತ್ತು ಜನರನ್ನು ಮಾತಾಡಿಸಿದವಳೊಬ್ಬಳ ಕತೆ ಹೇಳುತ್ತೇನೆ. ಮೊದಲು ಆ ಪೆನ್ನು ಕೆಳಗಿಡು. ಕಂಡದ್ದನ್ನೆಲ್ಲ ಬರೆದುಕೊಳ್ಳುವ ಚಟ ಒಳ್ಳೆಯದಲ್ಲ.”

ಶಿಷ್ಯ ಪೆನ್ನು ಕೆಳಗಿಟ್ಟ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಕಾಲೇಜಿತ್ತು. ಅಲ್ಲಿಯೂ ವರ್ಷಕ್ಕೊಂದು ಸಂಚಿಕೆ. ಕೊನೆಯ ವರ್ಷದವರಿಗೆಲ್ಲ ಒಂದೊಂದು ಫೋಟೊ, ಅದರ ಕೆಳಗೆ ನಾಲ್ಕು ಸಾಲು. ಒಬ್ಬರಿಗೆ ಮಾತ್ರ ಇಡೀ ಒಂದು ಪುಟ. ಆ ಪುಟ ಯಾರದೆಂದು ಬಿಡುಗಡೆಯ ದಿನದವರೆಗೆ ಅವರಿಗೇ ತಿಳಿಯಕೂಡದು. ತುಂಬಿದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಕಣ್ಣು ಬಿಡಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಗುಟ್ಟಿನ ಪುಟ ಎಂದೇ ಅದಕ್ಕೆ ಹೆಸರು. ಹಳೆಯ ಪದ್ಧತಿ. ಇದು ಸರಿಯೇ ಎಂದು ಯಾರೂ ಕೇಳಿರಲಿಲ್ಲ. ಚಪ್ಪಾಳೆ ಬೀಳುತ್ತಿರುವಾಗ ಯಾರು ಕೇಳುತ್ತಾರೆ?

ಆ ವರ್ಷ ಕೆಟ್ಟದ್ದೊಂದು ನಡೆಯಿತು. ಒಂದು ಭಾನುವಾರ ಐವರು ಹುಡುಗರು ಊರಾಚೆಯ ಕಲ್ಲುಗಣಿಯ ಹೊಂಡಕ್ಕೆ ಈಜಲು ಹೋದರು. ಇಬ್ಬರು ಮುಳುಗಿದರು. ದ್ಯಾಮಪ್ಪನೆಂಬವನು ನೀರಿಗೆ ಹಾರಿ ಒಬ್ಬನನ್ನು ಎಳೆದು ತಂದ. ಇನ್ನೊಬ್ಬ ಫಕೀರೇಶ. ಅವನು ಹೆಣವಾಗಿ ಬಂದ. ಊರೆಲ್ಲ ದ್ಯಾಮಪ್ಪನನ್ನು ಹೊಗಳಿತು. ಅವನು ಮಾತ್ರ ಅಂದಿನಿಂದ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಪಾಪ, ಸಂಕೋಚದ ಹುಡುಗ ಎಂದರು.

ಸಂಚಿಕೆಯ ಸಂಪಾದಕಿ ವನಜಾಕ್ಷಿ ಎಂಬ ಹುಡುಗಿ. ದಡ್ಡಿಯಲ್ಲ, ಸೋಮಾರಿಯೂ ಅಲ್ಲ. ಗುಟ್ಟಿನ ಪುಟ ಈ ಸಲ ದ್ಯಾಮಪ್ಪನಿಗೇ ಎಂದು ನಿರ್ಧರಿಸಿ ನೋಟ್‌ಬುಕ್ ಹಿಡಿದು ಹೊರಟಳು. ದಡದಲ್ಲಿದ್ದ ಇಬ್ಬರನ್ನು ಕೇಳಿದಳು. ಬದುಕಿ ಬಂದವನನ್ನು ಕೇಳಿದಳು. ವಾರ್ಡನ್, ಅಡುಗೆಯವರು, ಮೇಷ್ಟರು, ಅವನ ಸೈಕಲ್ಲಿಗೆ ಪಂಕ್ಚರ್ ಹಾಕುವವನು, ಒಬ್ಬರನ್ನೂ ಬಿಡಲಿಲ್ಲ. ದಡದಲ್ಲಿದ್ದವರಲ್ಲಿ ಒಬ್ಬ, ದ್ಯಾಮಪ್ಪ ತಕ್ಷಣ ಹಾರಿದ ಎಂದ. ಇನ್ನೊಬ್ಬ, ಸ್ವಲ್ಪ ಹೊತ್ತು ನಿಂತಿದ್ದ ಎಂದ. ಬದುಕಿ ಬಂದವನಿಗೆ ಏನೂ ನೆನಪಿರಲಿಲ್ಲ. ವನಜಾಕ್ಷಿ ‘ಕ್ಷಣವೂ ಯೋಚಿಸದೆ ಹಾರಿದ’ ಎಂದು ಬರೆದಳು. ಅದರ ಕೆಳಗೆ ‘ಫಕೀರೇಶನ ಕೈ ಮಾತ್ರ ಅವನಿಗೆ ಸಿಗಲಿಲ್ಲ’ ಎಂದೂ ಬರೆದಳು. ನೀರೊಳಗೆ ನಡೆದದ್ದನ್ನು ದಡದ ಮೇಲಿದ್ದವರಿಂದ ಕೇಳಿ ಬರೆದಳು ನೋಡು, ಅಲ್ಲಿ ನನಗೆ ಸಿಟ್ಟು ಬರುತ್ತದೆ.

ಪುಟ ಅಚ್ಚಿಗೆ ಹೋಗುವ ಹಿಂದಿನ ದಿನ ದ್ಯಾಮಪ್ಪ ಸಂಚಿಕೆಯ ಕೋಣೆಯ ಬಾಗಿಲಿಗೆ ಬಂದು ನಿಂತ. ಅವಳು ಗಡಬಡಿಸಿ ಹಾಳೆಯನ್ನು ಬೋರಲು ಹಾಕಿದಳು.

“ನನ್ನ ಬಗ್ಗೆ ಏನರೆ ಬರ್ಯಾಕತ್ತೀರೇನ್ರಿ?” ಎಂದು ಕೇಳಿದ.

“ಅಯ್ಯೋ, ಯಾರು ಹೇಳಿದರು ನಿನಗೆ? ಏನೂ ಇಲ್ಲಪ್ಪ.”

“ಬರ್ಯಾಕತ್ತಿದ್ರ, ನಂದೊಂದು ಮಾತು ಹೇಳೂದೈತ್ರಿ. ಫಕೀರೇಶನ ಅಪ್ಪ ಅದನ್ನ ಓದ್ತಾನ.”

“ಏನೂ ಇಲ್ಲ ಅಂದೆನಲ್ಲ, ಹೋಗು ಮಾರಾಯ!” ಎಂದು ಅವಳು ನಕ್ಕಳು.

ಅವನು ಹೋಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವಳು ಅದನ್ನು ನೋಡಿದಳು. ಗುಟ್ಟು ತಿಳಿದು ಖುಷಿಗೆ ಕದಲುತ್ತಿಲ್ಲ ಎಂದುಕೊಂಡಳು. ಅಲ್ಲ, ಅವನು ಹೆದರಿದ್ದ. ಅಚ್ಚಾಗಿ ಬಂದರೆ ಮಗನನ್ನು ಕಳೆದುಕೊಂಡ ಆ ತಂದೆ ಕಡೆಯವರೆಗೂ ಆ ಪುಟವನ್ನೇ ನಂಬಿಕೊಂಡಿರುತ್ತಾನೆ. ಅದನ್ನು ತಡೆಯಲು ದ್ಯಾಮಪ್ಪನಿಗಿದ್ದದ್ದು ಅದೊಂದೇ ದಿನ. ಅವಳು ಹಾಳೆಯ ಮೇಲಿನ ಕೈ ತೆಗೆಯಲಿಲ್ಲ. ಅವನು ಹೋದ. ಮರುದಿನ ಪುಟ ಅಚ್ಚಾಯಿತು.

ಬಿಡುಗಡೆಯ ದಿನ ಫಕೀರೇಶನ ತಂದೆಯನ್ನು ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದ್ದರು. ಪ್ರಿನ್ಸಿಪಾಲರು ಗುಟ್ಟಿನ ಪುಟ ಓದತೊಡಗಿದರು. ದ್ಯಾಮಪ್ಪನ ಹೆಸರು ಬಂದ ಕೂಡಲೇ ಹುಡುಗರು ಕೂಗೆಬ್ಬಿಸಿದರು. ಓದು ‘ಕೈ ಮಾತ್ರ ಅವನಿಗೆ ಸಿಗಲಿಲ್ಲ’ ಎಂಬಲ್ಲಿಗೆ ಬಂತು. ದ್ಯಾಮಪ್ಪ ಎದ್ದು ನಿಂತ.

“ಸಾಕ್ರಿ,” ಎಂದ.

ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಅವನು ಮತ್ತೆ ಸಾಕೆಂದ. ಚಪ್ಪಾಳೆ ಇನ್ನೂ ಜೋರಾಯಿತು. ಅವನು ಕೈಯೆತ್ತಿ, ಬಾಯಿ ತೆರೆದು, ಮತ್ತೆ ಮತ್ತೆ ಅದನ್ನೇ ಹೇಳಿದ. ಒಬ್ಬರಿಗೂ ಕೇಳಿಸಲಿಲ್ಲ. ವೇದಿಕೆಯ ಮೇಲಿದ್ದ ವನಜಾಕ್ಷಿಗೆ ಅವನ ಮುಖ ಕಾಣುತ್ತಿತ್ತು. ತಟ್ಟುತ್ತಿದ್ದ ಅವಳ ಕೈ ನಿಂತುಹೋಯಿತು.

ಆಗ ಫಕೀರೇಶನ ತಂದೆ ಎದ್ದ. ಸಭೆ ಗಪ್ಪಾಯಿತು. ಮುದುಕ ನಿಧಾನವಾಗಿ ದ್ಯಾಮಪ್ಪನ ಹತ್ತಿರ ಹೋಗಿ ಅವನ ತೋಳು ಹಿಡಿದ. “ತಮ್ಮಾ, ನೀರಾಗ ಏನಾತು? ನೀನರೆ ಹೇಳು,” ಎಂದ.

ಅಷ್ಟು ದಿನದಲ್ಲಿ ದ್ಯಾಮಪ್ಪನನ್ನು ಹಾಗೆ ಕೇಳಿದವನು ಆ ಮುದುಕನೊಬ್ಬನೇ.

ಇಬ್ಬರೂ ಹೊರಗೆ ನಡೆದು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರು. ಕಿಟಕಿಗಳ ತುಂಬ ಜನ. ಹುಡುಗ ಮಾತಾಡುತ್ತಿದ್ದದ್ದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಡುವೆ ಒಮ್ಮೆ ಮುದುಕ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಹುಡುಗ ನಿಲ್ಲಿಸಿದ. ಮುದುಕ ಮುಂದೆ ಹೇಳೆಂದು ಕೈಸನ್ನೆ ಮಾಡಿದ. ವನಜಾಕ್ಷಿ ಓಡಿಬಂದು ಹೊಸ್ತಿಲಲ್ಲಿ ನಿಂತಳು. ಅವಳಿಗೆ ಅಳು ಬರುತ್ತಿತ್ತು. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಬಹಳ ಹೊತ್ತಿನ ಮೇಲೆ ಮುದುಕ ಎದ್ದು, ಹುಡುಗನನ್ನೂ ಎಬ್ಬಿಸಿ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆ ಹುಡುಗ ಅವನಿಗೆ ಏನು ಹೇಳಿದ ಗುರುಗಳೇ?”

“ಇಬ್ಬರೂ ಇನ್ನೂ ಬದುಕಿದ್ದಾರಲ್ಲೋ, ನನ್ನನ್ನು ಯಾಕೆ ಕೇಳುತ್ತೀ?”