ಇಲ್ಲ ಎನ್ನದ ಅಂಗಡಿ

ನಾಗರಪಂಚಮಿಯ ಮಾರನೆಯ ದಿನ ಶಾಲೆಗೆಂದು ಹೊರಟವನು ಶಾಲೆಯನ್ನು ದಾಟಿ ಮುಂದಕ್ಕೆ ನಡೆದೆ. ನಾನು ಮೊದಲ ಸಲ ಮನೆ ಬಿಟ್ಟದ್ದು ಅಂದು. ಆಮೇಲೆ ಕಾಲು ಎಲ್ಲೂ ನಿಲ್ಲಲಿಲ್ಲ. ಗಡ್ಡ ನರೆತ ಮೇಲೆ ಒಬ್ಬ ಗುರುಗಳ ಬಳಿ ಬಂದು ಕೇಳಿದೆ:

“ಗುರುಗಳೇ, ಎಷ್ಟೋ ಊರು, ಎಷ್ಟೋ ಮಠ ಸುತ್ತಿದೆ. ನೆಮ್ಮದಿ ಎಲ್ಲೂ ಇಲ್ಲ. ಅದು ಇಲ್ಲವೇ ಇಲ್ಲ ಅಂತ ತಿಳಿದುಬಿಡಲೇ?”

“ಒಂದೊಂದು ಕಡೆ ಎಷ್ಟು ದಿನ ಇರ್ತೀಯಪ್ಪ?”

“ಹೋದ ಕೂಡಲೇ ಗೊತ್ತಾಗಿಬಿಡುತ್ತೆ ಗುರುಗಳೇ. ನನ್ನ ಕಣ್ಣು ಬಲು ಚುರುಕು.”

“ಓಹೋ, ಚುರುಕೋ? ಹಾಗಾದರೆ ಕೇಳು” ಎಂದು ಅವರು ಈ ಕತೆ ಹೇಳಿದರು.

ಒಬ್ಬ ಔಷಧಿ ವ್ಯಾಪಾರಿ ಇದ್ದ. ಮುಂದೆ ಅಂಗಡಿ, ಹಿಂದೆ ದೊಡ್ಡ ಗೋದಾಮು, ಸುತ್ತಲ ಊರುಗಳಲ್ಲಿ ಶಾಖೆಗಳು. ಅವರದು ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಅನ್ನುವ ಮನೆತನ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರಬಾರದು. ಯಾರು ಏನೇ ಕೇಳಲಿ, ‘ತಾಳಿ, ನೋಡ್ತೀನಿ’ ಎಂದು ಒಳಗೆ ಹೋಗಿ ಹುಡುಕಬೇಕು. ಸಿಗದಿದ್ದರೆ ‘ತರಿಸಿಕೊಡ್ತೀವಿ’ ಅನ್ನಬೇಕು. ಮೂರು ತಲೆಮಾರು ಹಾಗೆ ನಡೆಯಿತು.

ವ್ಯಾಪಾರ ಬೆಳೆಯಿತು. ಯಾವ ಊರಿನ ಶಾಖೆಯಲ್ಲಿ ಕುಳಿತರೂ ಗೋದಾಮಿನ ದಾಸ್ತಾನು ಕಾಣುವಂತೆ ವ್ಯಾಪಾರಿ ಒಂದು ವೆಬ್ ಪುಟ ಮಾಡಿಸಿದ. ಮದ್ದಿನ ಹೆಸರು ಹಾಕಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಗಿರಾಕಿಗಳು ಗೊಣಗಿದರು. ವ್ಯಾಪಾರಿ ಪ್ರೋಗ್ರಾಂ ಬರೆಯುವವನನ್ನು ಕರೆಸಿ, “ಬೆರಳು ಎತ್ತುವುದರೊಳಗೆ ಉತ್ತರ ಬರಬೇಕು” ಎಂದ.

ಬರೆಯುವವನು ಯೋಚಿಸಿದ. ಗೋದಾಮಿನಲ್ಲಿ ಇರುವುದೆಲ್ಲವನ್ನೂ ಜಾಲಾಡುವುದು ಏಕೆ? ಜನ ಕೇಳುವುದು ಮಾರಾಟವಾಗುವ ಮದ್ದುಗಳನ್ನೇ. ಕಳೆದ ಯುಗಾದಿಯಿಂದ ಈಚೆಗೆ ಒಮ್ಮೆಯಾದರೂ ಮಾರಾಟವಾದದ್ದರಲ್ಲಿ ಮಾತ್ರ ಹುಡುಕುವಂತೆ ಬರೆದ. ಎರಡಕ್ಷರ ಒತ್ತುವುದರೊಳಗೆ ಹೆಸರು ತಾನೇ ಮೂಡಿತು. ವ್ಯಾಪಾರಿ ಕುಣಿದಾಡಿದ. ಬರೆಯುವವನು ಮಾತ್ರ ಅನುಮಾನಿಸಿ ಕೇಳಿದ: “ಸಿಗದಿದ್ದಾಗ, ‘ಇಷ್ಟರಲ್ಲಿ ಮಾತ್ರ ನೋಡಿದೆ, ಉಳಿದದ್ದರಲ್ಲೂ ನೋಡಲೇ?’ ಅಂತ ಒಂದು ಸಾಲು ಹಾಕೋಣವೇ ಸಾಹುಕಾರ್ರೇ?”

“ನಿನ್ನ ಪುರಾಣ ಓದುತ್ತ ಯಾರಯ್ಯ ನಿಲ್ತಾರೆ? ಎದುರಂಗಡಿಗೆ ಹೋಗ್ತಾರೆ. ಸಿಗಲಿಲ್ಲವೋ, ‘ಇಲ್ಲ’ ಅಂತ ತೋರಿಸು. ಅದಕ್ಕೂ ಪಂಚಾಂಗ ನೋಡಬೇಕಾ?”

ಬರೆಯುವವನು ಹಾಗೆಯೇ ಬರೆದ. ಬಾಯಲ್ಲಿ ಆಡದ ಮಾತು ಪರದೆಯ ಮೇಲೆ ಬಂತು. ನಾವು ಆಡಿದ್ದಲ್ಲವಲ್ಲ ಎಂದು ಎಲ್ಲರೂ ಸುಮ್ಮನಿದ್ದರು.

ಒಂದು ದಿನ ಒಬ್ಬ ರೈತ ಓಡಿ ಬಂದ. ಮಗಳಿಗೆ ಉಸಿರು ಕಟ್ಟಿಸುವ ಗಂಟಲಮಾರಿ. ಆ ರೋಗವನ್ನೇ ಜನ ಮರೆತಿದ್ದ ಕಾಲ. ವೈದ್ಯರು ಚೀಟಿ ಬರೆದು, “ಈ ಮದ್ದು ಇಳಿಹೊತ್ತಿನೊಳಗೆ ಬೇಕು. ಇದ್ದರೆ ಆ ಸಾಹುಕಾರರ ಅಂಗಡಿಯಲ್ಲೇ ಇರಬೇಕು” ಎಂದಿದ್ದರು. ಗಲ್ಲಾದಲ್ಲಿ ಕುಳಿತವನು ಹೆಸರು ಒತ್ತಿದ. ಬೆರಳು ಎತ್ತುವುದರೊಳಗೆ ಉತ್ತರ ಬಂತು.

“ಇಲ್ಲ ಅಂತಿದೆಯಲ್ಲಪ್ಪ. ಬೇಕಾದರೆ ನೀನೇ ನೋಡು” ಎಂದು ಪರದೆಯನ್ನು ಅವನ ಕಡೆ ತಿರುಗಿಸಿದ.

ಆ ಅಂಗಡಿಯಲ್ಲಿ ‘ಇಲ್ಲ’ ಎಂಬ ಮಾತನ್ನು ರೈತನ ಅಜ್ಜನೂ ಕೇಳಿರಲಿಲ್ಲ. ಎಂದೂ ಇಲ್ಲ ಅನ್ನದವರು ಇಲ್ಲ ಅಂದಮೇಲೆ ಲೋಕದಲ್ಲೇ ಇಲ್ಲ ಎಂದುಕೊಂಡ. ಒಳಗೊಮ್ಮೆ ನೋಡಿ ಅನ್ನಲಿಲ್ಲ. ಬೇರೆ ಊರಿಗೆ ಆಳು ಕಳಿಸಲಿಲ್ಲ. ಕೊನೆಗಳಿಗೆಯಲ್ಲಾದರೂ ಜೊತೆಗಿರೋಣ ಎಂದು ತಿರುಗಿ ಓಡಿದ. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಹೋದಳು.

ಆ ಮದ್ದು ಗೋಡೆಯ ಆಚೆ, ಗೋದಾಮಿನಲ್ಲೇ ಇತ್ತು. ಎಂದಾದರೂ ಯಾರಿಗಾದರೂ ಬೇಕಾದೀತು ಎಂದು ಸ್ವತಃ ವ್ಯಾಪಾರಿಯೇ ತರಿಸಿ ಫ್ರಿಜ್ಜಿನಲ್ಲಿಟ್ಟಿದ್ದ. ಒಮ್ಮೆಯೂ ಮಾರಾಟವಾಗದ ಕಾರಣ ಹುಡುಕಾಟದಲ್ಲಿ ಅದು ಬರಲಿಲ್ಲ. ಫ್ರಿಜ್ಜು ತೊಳೆಯುವಾಗ ಕೈಗೆ ಸಿಕ್ಕಿತು. ಸತ್ತ ಹುಡುಗಿಯ ಚೀಟಿಯಲ್ಲಿದ್ದ ಮದ್ದು ಇದೇ ಎಂದು ಗಲ್ಲಾದವನಿಂದ ವ್ಯಾಪಾರಿಗೆ ತಿಳಿಯಿತು. ಮರುದಿನವೇ ಎಲ್ಲದರಲ್ಲೂ ಹುಡುಕುವಂತೆ ಪುಟವನ್ನು ಬದಲಿಸಿದ. ಚಕ್ರ ಮತ್ತೆ ತಿರುಗತೊಡಗಿತು. ಗಿರಾಕಿಗಳು ಒಬ್ಬೊಬ್ಬರಾಗಿ ಎದುರಂಗಡಿಗೆ ಹೋದರು. ಅಲ್ಲಿಯವನು ಅದೇ ಬರೆಯುವವನನ್ನು ಕರೆಸಿ, ಬೆರಳು ಎತ್ತುವುದರೊಳಗೆ ಉತ್ತರ ಕೊಡುವಂಥದ್ದನ್ನು ಮಾಡಿಸಿಕೊಂಡಿದ್ದ.

ಗುರುಗಳು ಕತೆ ನಿಲ್ಲಿಸಿದರು. ನಾನು ಆಸೆಯಿಂದ ಕೇಳಿದೆ: “ಹಾಗಾದರೆ ಒಂದೇ ಕಡೆ ನಿಂತು ಹುಡುಕಿದರೆ ನನಗೆ ಸಿಗುತ್ತೆ ಅಂತಲೇ?”

“ಸಿಗುತ್ತೆ ಅಂತ ನಾನೆಲ್ಲಿ ಹೇಳಿದೆ? ಇಲ್ಲ ಅನ್ನುವಷ್ಟು ನೀನು ಹುಡುಕಿಲ್ಲ ಅಂದೆ.”

ಅವರು ಹೇಳಿದ್ದು ನಿಜವೆಂದು ತಿಳಿದೇ ಇತ್ತು. ಆದರೂ ಎದ್ದು, ತಂತಿಯ ಮೇಲೆ ಇನ್ನೂ ಆರದ ಪಂಚೆಯನ್ನು ಹಿಂಡಿ, ಮಡಚಿ, ಗಂಟು ಕಟ್ಟತೊಡಗಿದೆ.